ಅಕ್ಷಿಪಟಲದ ಪರೀಕ್ಷೆ

ಕಣ್ಣಿನ ವಿಷಯದಲ್ಲಿ ನಮ್ಮ ಜನರಲ್ಲಿ ಬಲವಾಗಿ ಬೇರೂರಿರುವ ಭಾವನೆಯೊಂದುಂಟು. ದೂರದ ಅಕ್ಷರವನ್ನು ಓದಲು ಬಂದರೆ ಕಣ್ಣು ಚೆನ್ನಾಗಿದೆಯೆಂದೂ, ಓದಲು ಬಾರದಿದ್ದರೆ ಕನ್ನಡಕ ಬೇಕೆಂದೂ, ಕನ್ನಡಕದಿಂದಲೂ ಕಾಣದೆ ಹೋದರೆ ಪೊರೆ ಬಂದಿರುವುದರಿಂದ ಅದನ್ನು ತೆಗೆಸಬೇಕೆಂದೂ ಬಹುಮಂದಿ ತಿಳಿದಿದ್ದಾರೆ. ಈ ತಿಳಿವಳಿಕೆ ಸುಳ್ಳಲ್ಲ. ಆದರೆ ಪೂರ್ತಿಯೂ ಅಲ್ಲ. ಗೋಡೆಯ ಮೇಲೆ ತೂಗುಹಾಕಿದ ಅಕ್ಷರಪಟದ ಕೊನೆಯ ಸಾಲನ್ನು ತಡೆಯಿಲ್ಲದೆ ಓದುವ ಕಣ್ಣಿನೊಳಗೆ ಅದೇ ಹೊತ್ತಿನಲ್ಲಿ ರಕ್ತ ಒಸರುತ್ತಿರಬಹುದು. ಅದಕ್ಕೆ ನೋವಿಲ್ಲ, ಉರಿಯಿಲ್ಲ. ಕಣ್ಣು ಕೆಂಪಾಗುವುದೂ ಇಲ್ಲ. ಮನೆಯವರಿಗಾಗಲಿ ರೋಗಿಗಾಗಲಿ ಅದರ ಸುಳಿವು ಸಿಕ್ಕುವಷ್ಟರಲ್ಲಿ ಅನೇಕ ವೇಳೆ ಕಾಲ ಮೀರಿರುತ್ತದೆ. ಇಂಥ ಕೇಡನ್ನು ಮೊದಲೇ ಅರಿಯಬೇಕಾದರೆ ಕಣ್ಣಿನ ಒಳಭಾಗವನ್ನು ಕಣ್ಣಾರೆ ನೋಡಬೇಕು. ಹಾಗೆ ನೋಡುವುದಕ್ಕಾಗಿ ಪಾಪೆಯನ್ನು ಔಷಧದಿಂದ ಹಿಗ್ಗಿಸುವ ಕ್ರಮವನ್ನು ಕುರಿತು ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಈ ನಾಲ್ಕು ತಾಲ್ಲೂಕುಗಳಲ್ಲಿ ಕಣ್ಣನ್ನೇ ಬಂಡವಾಳವಾಗಿಟ್ಟುಕೊಂಡು ಬದುಕುವವರು ಬಹಳ. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಮುಂದೆ ನಿಂತವನು ಕಡಿದುಹೋದ ಒಂದು ಎಳೆಯನ್ನು ಸಾವಿರಾರು ಎಳೆಗಳ ನಡುವೆ ಗುರುತಿಸಿ ಗಂಟು ಹಾಕಬೇಕು. ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಗೆ ಬಂದವನು ಗೂಡನ್ನು ಕಂಡೊಡನೆ ಅದರ ಗುಣವನ್ನು ಅಳೆಯಬೇಕು. ನೆಲಮಂಗಲದ ಕೂಡುರಸ್ತೆಯಿಂದ ಹೊರಟ ಲಾರಿಯವನು ಇರುಳೆಲ್ಲ ಎದುರು ದೀಪಗಳ ನಡುವೆ ದಾರಿ ಕಾಣಬೇಕು. ಇಂಥವರಿಗೆ ‘ಕಣ್ಣಿಗೆ ಹನಿ ಹಾಕುತ್ತೇವೆ, ಅರ್ಧ ದಿವಸ ಕೆಲಸ ಮಾಡಲಾಗದು’ ಎಂದು ಹೇಳಿದೊಡನೆ ಅವರು ಕೇಳುವ ಪ್ರಶ್ನೆ ಒಂದೇ: ಕಣ್ಣು ಕಾಣುತ್ತಿರುವಾಗ ಅರ್ಧ ದಿವಸದ ಕೂಲಿಯನ್ನು ಏಕೆ ಕಳೆದುಕೊಳ್ಳಬೇಕು? ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ ಸಮಾಧಾನ ಹೇಳದೆ ಹನಿ ಹಾಕಲು ಹೊರಡುವುದು ಕಣ್ಣಿನ ಕೆಲಸದಲ್ಲಿರುವ ನಮಗೆ ಶೋಭೆಯಲ್ಲ.

ಮೊದಲು ಪಾಪೆಯೆಂದರೇನೆಂಬುದನ್ನು ತಿಳಿಯೋಣ. ಕಣ್ಣಿನ ನಡುವೆ ಕಾಣುವ ಕಪ್ಪು ಬೊಟ್ಟು ಒಂದು ವಸ್ತುವಲ್ಲ, ಅದೊಂದು ರಂಧ್ರ. ಅದರ ಸುತ್ತಲೂ ಇರುವ ಕಂದು ಬಣ್ಣದ ಪರದೆಗೆ ಐರಿಸ್ ಎಂದು ಹೆಸರು. ಈ ಪರದೆಯಲ್ಲಿ ಎರಡು ಬಗೆಯ ಸ್ನಾಯುಗಳಿವೆ. ಒಂದು ರಂಧ್ರದ ಅಂಚನ್ನು ಬಳೆಯಂತೆ ಸುತ್ತಿಕೊಂಡು, ಬೆಳಕು ಹೆಚ್ಚಿದಾಗ ಅದನ್ನು ಕಿರಿದುಗೊಳಿಸುತ್ತದೆ. ಇನ್ನೊಂದು ಗಾಲಿಯ ಅರಗಳಂತೆ ಹರಡಿಕೊಂಡು, ಕತ್ತಲಾದಾಗ ಅದನ್ನು ಹೊರಕ್ಕೆ ಸೆಳೆದು ಹಿರಿದುಗೊಳಿಸುತ್ತದೆ. ಬಿಸಿಲಿನಲ್ಲಿ ೨ ಮಿಲಿಮೀಟರಿನಷ್ಟು ಅಗಲವಿರುವ ಪಾಪೆ ಕತ್ತಲಲ್ಲಿ ಎಳೆಯರಿಗೆ ೮ ಮಿಲಿಮೀಟರಿನವರೆಗೂ ಹಿಗ್ಗುವುದುಂಟು. ಅಗಲ ನಾಲ್ಕು ಮಡಿಯಾದರೆ ಬೆಳಕು ನುಗ್ಗುವ ವಿಸ್ತಾರ ಹದಿನಾರು ಮಡಿಯಾಗುತ್ತದೆ. ವಯಸ್ಸಾದಂತೆ ಪಾಪೆ ತಾನಾಗಿಯೇ ಚಿಕ್ಕದಾಗುತ್ತ ಬರುತ್ತದೆ; ಬಹುಕಾಲ ಸಕ್ಕರೆ ಕಾಯಿಲೆಯಿದ್ದವರಲ್ಲಿಯೂ ಅದು ಸುಲಭವಾಗಿ ಹಿಗ್ಗುವುದಿಲ್ಲ.

ಪಾಪೆಯ ಹಿಂದೆ ಮಸೂರ. ಮಸೂರದ ಹಿಂದೆ ತಿಳಿಯಾದ ಲೋಳೆಯಂಥ ದ್ರವ್ಯ. ಅದಕ್ಕೂ ಹಿಂದೆ, ಕಣ್ಣುಗುಡ್ಡೆಯ ಒಳಗೋಡೆಗೆ ಅಂಟಿಕೊಂಡಂತೆ ಅಕ್ಷಿಪಟಲ. ಇದನ್ನೇ ರೆಟಿನವೆನ್ನುವರು. ಇದರ ದಪ್ಪ ಒಂದು ಮಿಲಿಮೀಟರಿನ ಕಾಲುಭಾಗದಷ್ಟು. ಹೊರಗಿನ ಲೋಕದ ಬಿಂಬ ಬೀಳುವುದು ಈ ತೆಳುವಾದ ಪಟಲದ ಮೇಲೆ. ಇಲ್ಲಿಂದ ಹೊರಟ ನರದ ಎಳೆಗಳೆಲ್ಲ ಒಂದು ಕಟ್ಟಾಗಿ ಮೆದುಳಿಗೆ ಹೋಗುತ್ತವೆ. ಮಸೂರ ಕೆಟ್ಟರೆ ಅದನ್ನು ತೆಗೆದು ಕೃತಕ ಮಸೂರವನ್ನಿಡಬಹುದು. ಅಕ್ಷಿಪಟಲ ಕೆಟ್ಟರೆ ಅದರ ಬದಲಿಗೆ ಇಡಲು ಇನ್ನೊಂದಿಲ್ಲ. ಪೊರೆಯ ಕುರುಡಿಗೂ ಅಕ್ಷಿಪಟಲದ ಕುರುಡಿಗೂ ಇರುವ ಮುಖ್ಯವಾದ ಭೇದವಿದು.

ರಂಧ್ರವೇನೋ ತೆರೆದೇ ಇದೆ. ಹಾಗಿದ್ದರೂ ಎದುರಿಗಿರುವವರ ಪಾಪೆಯನ್ನು ನೋಡಿದರೆ ಕಪ್ಪಲ್ಲದೆ ಬೇರೇನೂ ಕಾಣದು. ಏತಕ್ಕೆಂದರೆ ಕಣ್ಣಿನೊಳಕ್ಕೆ ಹೋದ ಬೆಳಕು ಬಂದ ದಾರಿಯಲ್ಲಿಯೇ ಹಿಂದಿರುಗುತ್ತದೆ. ಆ ದಾರಿಯಲ್ಲಿ ನಮ್ಮ ಕಣ್ಣನ್ನಿಡಲು ಹೋದರೆ ನಮ್ಮ ತಲೆಯೇ ಬೆಳಕಿಗೆ ಅಡ್ಡವಾಗುತ್ತದೆ. ಈ ತೊಡಕನ್ನು ಬಿಡಿಸಿ ಲೋಕಕ್ಕೆ ದಾರಿ ತೋರಿಸಿದವನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್. ೧೮೫೦ರಲ್ಲಿ ಆತನು ಕೆಲವು ಗಾಜಿನ ಹಲ್ಲೆಗಳನ್ನು ಓರೆಯಾಗಿ ನಿಲ್ಲಿಸಿ, ಪಕ್ಕದಲ್ಲಿಟ್ಟ ದೀಪದ ಬೆಳಕು ಅವುಗಳಿಂದ ಪ್ರತಿಫಲಿಸಿ ರೋಗಿಯ ಕಣ್ಣನ್ನು ಹೊಗುವಂತೆಯೂ, ಹಿಂದಿರುಗಿದ ಬೆಳಕಿನಲ್ಲಿ ಒಂದು ಪಾಲು ಅದೇ ಗಾಜಿನ ಮೂಲಕ ಹಾದು ನೋಡುವವನ ಕಣ್ಣನ್ನು ಸೇರುವಂತೆಯೂ ಮಾಡಿದನು. ಮರುವರ್ಷ, ೧೮೫೧ರಲ್ಲಿ, ಆ ಯಂತ್ರದ ವಿವರಣೆ ಅಚ್ಚಾಯಿತು. ಆಫ್ಥಾಲ್ಮೋಸ್ಕೋಪ್ ಎಂದು ಇಂದು ಕರೆಯುವ ನೇತ್ರದರ್ಶಕದ ಹುಟ್ಟು ಇದೇ. ಅಲ್ಲಿಯವರೆಗೆ ಕಣ್ಣಿನ ಹಿಂಭಾಗದ ಬೇನೆಗಳನ್ನೆಲ್ಲ ವೈದ್ಯರು ಬರಿಯ ಊಹೆಯಿಂದ ಹೇಳಬೇಕಾಗಿತ್ತು.

ಯಂತ್ರ ಬಂದರೂ ಇನ್ನೊಂದು ತೊಡಕು ಉಳಿಯಿತು. ಒಳಗೆ ನೋಡಲು ಬೆಳಕು ಬೇಕು. ಬೆಳಕು ಬಿದ್ದೊಡನೆ ಪಾಪೆ ಕುಗ್ಗುತ್ತದೆ. ಬೀಗದ ಕೈಯ ರಂಧ್ರದ ಮೂಲಕ ಕೋಣೆಯನ್ನು ನೋಡುವವನಿಗೆ ಎದುರು ಗೋಡೆಯ ಒಂದು ತುಂಡು ಮಾತ್ರ ಕಾಣುವುದೇ ಹೊರತು ಮೂಲೆಗಳು ಕಾಣುವುದಿಲ್ಲ. ಬಾಗಿಲನ್ನು ಅಗಲವಾಗಿ ತೆರೆದಿಡುವ ಉಪಾಯ ಬೇಕು. ಆ ಉಪಾಯ ಗಿಡಗಳಲ್ಲಿ ದೊರೆಯಿತು.

ನಮ್ಮ ಬೇಲಿಯ ಮಗ್ಗುಲಲ್ಲಿಯೂ ತಿಪ್ಪೆಯ ಮೇಲೂ ಬೆಳೆಯುವ ಉಮ್ಮತ್ತದ ಗಿಡವನ್ನು ಬಲ್ಲದವರಾರು? ಕಳೆ ಕೀಳುವಾಗ ಆ ಗಿಡವನ್ನು ಮುರಿದ ಕೈಯಿಂದ ಕಣ್ಣುಜ್ಜಿಕೊಂಡರೆ ಆ ಒಂದು ಕಣ್ಣಿನ ಪಾಪೆ ಮಾತ್ರ ದೊಡ್ಡದಾಗಿ, ಹತ್ತಿರದ ವಸ್ತು ಮಸುಕಾಗುತ್ತದೆ. ಹೊಲದ ಸಂಗತಿ ತಿಳಿಯದ ವೈದ್ಯನು ಇದನ್ನು ಮೆದುಳಿನ ರೋಗವೆಂದು ಅಂಜುವುದಕ್ಕೂ ಅವಕಾಶವಿದೆ. ಯೂರೋಪಿನಲ್ಲಿ ಇದೇ ಕುಲಕ್ಕೆ ಸೇರಿದ ಬೆಲ್ಲಡೊನ್ನವೆಂಬ ಗಿಡಕ್ಕೆ ಈ ಗುಣವಿರುವುದು ಬಹುಕಾಲದಿಂದ ತಿಳಿದಿತ್ತು. ಆ ಹೆಸರಿಗೆ ‘ಸುಂದರಿ’ ಎಂದರ್ಥ. ದೊಡ್ಡ ಪಾಪೆಯ ಕಣ್ಣು ಚೆಲುವೆಂದು ಅಲ್ಲಿಯ ಸ್ತ್ರೀಯರು ಅದರ ರಸವನ್ನು ಬಿಟ್ಟುಕೊಳ್ಳುತ್ತಿದ್ದರೆಂದು ಹೇಳುವರು. ೧೮೩೦ರ ದಶಕದಲ್ಲಿ ಜರ್ಮನಿಯ ರಸಾಯನಜ್ಞರು ಅದರ ಸಾರವನ್ನು ಬೇರ್ಪಡಿಸಿದರು. ಅಟ್ರೋಪಿನ್ ಎಂಬುದು ಅದೇ. ಪಾಪೆಯನ್ನು ಕುಗ್ಗಿಸುವ ಬಳೆಯಂಥ ಸ್ನಾಯುವಿಗೆ ನರದಿಂದ ಬರುವ ಆಜ್ಞೆಯನ್ನು ಇದು ತಡೆಹಿಡಿಯುತ್ತದೆ. ಆಜ್ಞೆಯಿಲ್ಲದ ಸ್ನಾಯು ಸಡಿಲಗೊಂಡು ಪಾಪೆ ಹಿಗ್ಗುತ್ತದೆ.

ಅಟ್ರೋಪಿನ್ನಿನ ದೋಷವೆಂದರೆ ಅದರ ದೀರ್ಘಾಯುಸ್ಸು. ಒಂದು ಸಲ ಹಾಕಿದರೆ ಒಂದೆರಡು ವಾರ ಪಾಪೆ ಪೂರ್ಣವಾಗಿ ಮೊದಲಿನಂತಾಗುವುದಿಲ್ಲ. ಈಗ ದೊಡ್ಡವರ ಪರೀಕ್ಷೆಗೆ ಬಳಸುವುದು ಟ್ರಾಪಿಕಮೈಡ್ ಎಂಬ ಹನಿ. ಇದರೊಡನೆ ಹಿಗ್ಗಿಸುವ ಸ್ನಾಯುವನ್ನು ಎಚ್ಚರಿಸುವ ಫಿನೈಲೆಫ್ರಿನ್ ಎಂಬುದನ್ನು ಸೇರಿಸುವುದೂ ವಾಡಿಕೆ. ಒಂದು ಕುಗ್ಗಿಸುವ ಕೈಯನ್ನು ಸಡಿಲಿಸಿದರೆ ಇನ್ನೊಂದು ಹಿಗ್ಗಿಸುವ ಕೈಗೆ ಬಲ ಕೊಡುತ್ತದೆ. ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ಪಾಪೆ ಅರಳುವುದು. ನಾಲ್ಕರಿಂದ ಆರು ಗಂಟೆಗಳಲ್ಲಿ ಬಹುಮಟ್ಟಿಗೆ ಮೊದಲಿನಂತಾಗುವುದು. ಕೆಲವರಿಗೆ ಮಾರನೆಯ ದಿನದವರೆಗೂ ಮಸುಕು ಉಳಿಯಬಹುದು. ನಮ್ಮವರ ಕಣ್ಣಿನ ಬಣ್ಣ ದಟ್ಟವಾದದ್ದು. ಆ ಬಣ್ಣದ ಕಣಗಳು ಔಷಧವನ್ನು ಹಿಡಿದಿಟ್ಟುಕೊಳ್ಳುವುದರಿಂದ ಪಾಪೆ ಹಿಗ್ಗುವುದು ನಿಧಾನ. ಎರಡನೆಯ, ಮೂರನೆಯ ಹನಿಯನ್ನೂ ಹಾಕಬೇಕಾಗುತ್ತದೆ. ‘ಎಷ್ಟು ಸಲ ಹಾಕುತ್ತೀರಿ?’ ಎಂದು ಬೇಸರಪಡುವವರು ಇದನ್ನು ನೆನಪಿನಲ್ಲಿಡಬೇಕು. ಹಿಗ್ಗದ ಪಾಪೆಯಲ್ಲಿ ಅವಸರದಿಂದ ನೋಡುವುದಕ್ಕಿಂತ ಇನ್ನೊಂದು ಕಾಲುಗಂಟೆ ಕಾಯುವುದು ಮೇಲು.

ಮಕ್ಕಳ ವಿಚಾರ ಸ್ವಲ್ಪ ಬೇರೆ. ಅವರ ಕಣ್ಣಿನ ಮಸೂರವನ್ನು ಉಬ್ಬಿಸುವ ಸ್ನಾಯು ಬಹಳ ಚುರುಕಾಗಿರುವುದರಿಂದ ಕನ್ನಡಕದ ಅಳತೆ ತಪ್ಪಾಗಿ ಬರುವುದುಂಟು. ಆ ಸ್ನಾಯುವನ್ನು ವಿಶ್ರಾಂತಿಯಲ್ಲಿಡಲು ಸೈಕ್ಲೋಪೆಂಟೊಲೇಟ್ ಹನಿಯನ್ನೋ, ಚಿಕ್ಕ ಮಕ್ಕಳಿಗೆ ಅಟ್ರೋಪಿನ್ ಮುಲಾಮನ್ನೋ ಕೊಡುತ್ತಾರೆ. ಮನೆಯಲ್ಲಿ ಹಚ್ಚಲೆಂದು ಮುಲಾಮನ್ನು ಕೊಟ್ಟಾಗ ತಾಯಂದಿರು ಹೇಳಿದ ಅಳತೆಯನ್ನು ಮೀರಕೂಡದು; ಹಚ್ಚಿದ ಮೇಲೆ ಕೈಯನ್ನು ತೊಳೆಯಬೇಕು; ಕೊಳವೆಯನ್ನು ಮಕ್ಕಳ ಕೈಗೆ ಎಟುಕದಂತೆ ಇಡಬೇಕು. ಮಗುವಿನ ಮುಖ ಕೆಂಪೇರಿ, ಮೈ ಬಿಸಿಯಾಗಿ, ಬಾಯಿ ಒಣಗಿ, ಮಗು ಗಾಬರಿಗೊಂಡಂತೆ ಕಂಡರೆ ಔಷಧವನ್ನು ನಿಲ್ಲಿಸಿ ತತ್‌ಕ್ಷಣ ವೈದ್ಯರ ಬಳಿಗೆ ಹೋಗಬೇಕು.

ಹನಿ ಹಾಕುವುದು ನೋಡಲು ಸುಲಭ. ಆದರೆ ಹಾಕುವ ಮೊದಲು ಮಾಡಿ ಮುಗಿಸಬೇಕಾದ ಕೆಲಸಗಳು ಹಲವಾರಿವೆ. ದೃಷ್ಟಿಯನ್ನು ಮೊದಲೇ ಅಳೆದು ಬರೆದಿಡಬೇಕು, ಹನಿ ಬಿದ್ದ ಮೇಲೆ ಅಕ್ಷರ ಮಸುಕಾಗುವುದರಿಂದ. ಎರಡು ಪಾಪೆಗಳಿಗೂ ಸರದಿಯ ಮೇಲೆ ಬೆಳಕು ಬಿಟ್ಟು ಅವು ಸಮನಾಗಿ ಕುಗ್ಗುವುವೇ ಎಂದು ನೋಡಬೇಕು. ಕಣ್ಣಿನ ನರದ ಬೇನೆಯನ್ನು ತೋರಿಸುವ ಈ ಗುರುತು ಹನಿಯಿಂದ ಅಳಿಸಿಹೋಗುತ್ತದೆ. ಕಣ್ಣಿನ ಒಳಗಣ ಒತ್ತಡವನ್ನೂ ಅಳೆಯಬೇಕು. ಹೊಸದಾಗಿ ತಲೆಗೆ ಪೆಟ್ಟು ಬಿದ್ದವನಿಗೆ ಮೆದುಳಿನ ವೈದ್ಯರ ಒಪ್ಪಿಗೆಯಿಲ್ಲದೆ ಹನಿ ಹಾಕಲೇಕೂಡದು. ಅವನ ಪಾಪೆಯ ಅಳತೆಯನ್ನು ನೋಡಿಯೇ ಅವರು ಮೆದುಳಿನ ಸ್ಥಿತಿಯನ್ನು ತಿಳಿಯುವರು. ಹಿಂದಿನ ಕಾಲದ ಕೆಲವು ಪೊರೆ ಶಸ್ತ್ರಚಿಕಿತ್ಸೆಗಳಲ್ಲಿ ಕೃತಕ ಮಸೂರವನ್ನು ಐರಿಸಿನ ಅಂಚಿಗೇ ಸಿಕ್ಕಿಸುತ್ತಿದ್ದರು; ಅಂಥ ಕಣ್ಣಿನ ಪಾಪೆ ಹಿಗ್ಗಿದರೆ ಮಸೂರ ಜಾರಬಹುದು. ಹೃದ್ರೋಗವೋ ಅಧಿಕ ರಕ್ತದೊತ್ತಡವೋ ಇದ್ದವರಿಗೆ ಫಿನೈಲೆಫ್ರಿನ್ ಹಾಕುವಲ್ಲಿ ಎಚ್ಚರಿಕೆ ಬೇಕು. ಆದ್ದರಿಂದ ‘ನಿಮಗೆ ಬೇರೆ ಕಾಯಿಲೆಗಳೇನಾದರೂ ಉಂಟೆ? ಯಾವ ಔಷಧ ತೆಗೆದುಕೊಳ್ಳುತ್ತೀರಿ?’ ಎಂದು ಕೇಳಿದಾಗ, ಕಣ್ಣಿನವರಿಗೆ ಅದೇಕೆಂದು ಮುಚ್ಚಿಡದೆ ಎಲ್ಲವನ್ನೂ ಹೇಳಬೇಕು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದುಂಟು. ಕಣ್ಣಿನ ಮುಂಭಾಗದಲ್ಲಿ, ಐರಿಸ್ ಮತ್ತು ಹೊರಗಿನ ಪಾರದರ್ಶಕ ಪಟಲ ಕೂಡುವ ಮೂಲೆಯಲ್ಲಿ, ಒಳನೀರು ಹರಿದುಹೋಗುವ ಕಾಲುವೆಯಿದೆ. ಕೆಲವರಿಗೆ ಈ ಮೂಲೆ ಹುಟ್ಟಿನಿಂದಲೇ ಇಕ್ಕಟ್ಟು. ಅಂಥವರ ಪಾಪೆ ಹಿಗ್ಗಿದಾಗ ಮೂಲೆ ಮುಚ್ಚಿಹೋಗಿ, ಒತ್ತಡ ಒಮ್ಮೆಗೇ ಏರಿ, ಗ್ಲಾಕೋಮದ ಉಗ್ರವಾದ ಆಘಾತ ಬರಬಹುದು. ಇದು ಅಪರೂಪ, ಆದರೂ ಮರೆಯತಕ್ಕದ್ದಲ್ಲ. ಕಣ್ಣಿನ ಪಕ್ಕದಿಂದ ಸಣ್ಣ ದೀಪವನ್ನು ಹಿಡಿದು ಐರಿಸಿನ ಮೇಲೆ ನೆರಳು ಬೀಳುವುದೇ ಎಂದು ನೋಡಿದರೆ, ಅಥವಾ ಸ್ಲಿಟ್‌ಲ್ಯಾಂಪ್ ಯಂತ್ರದಲ್ಲಿ ಆ ಮೂಲೆಯ ಆಳವನ್ನು ಅಂದಾಜು ಮಾಡಿದರೆ, ಅಪಾಯವುಳ್ಳವರನ್ನು ಬೇರ್ಪಡಿಸಬಹುದು. ಈ ಆಘಾತ ಕೆಲವು ವೇಳೆ ಮನೆಗೆ ಹೋದ ಮೇಲೆ, ಹನಿಯ ಶಕ್ತಿ ಇಳಿಯುತ್ತಿರುವ ಹೊತ್ತಿನಲ್ಲಿ ಬರುವುದುಂಟು. ಹನಿ ಹಾಕಿಸಿಕೊಂಡ ದಿನ ಕಣ್ಣು ಕೆಂಪಾಗಿ ತೀವ್ರವಾಗಿ ನೋಯುವುದು, ದೀಪದ ಸುತ್ತ ಬಣ್ಣದ ಬಳೆಗಳು ಕಾಣುವುದು, ತಲೆನೋವು, ವಾಂತಿ, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು.

ಪಾಪೆ ಹಿಗ್ಗಿದ ಮೇಲೆ ಕಾಣುವುದೇನು? ಕಿತ್ತಳೆಗೆಂಪಾದ ಹಿನ್ನೆಲೆಯ ಮೇಲೆ, ಮೂಗಿನ ಕಡೆಗೆ, ಸುಮಾರು ಒಂದೂವರೆ ಮಿಲಿಮೀಟರಿನ ಒಂದು ಬಿಳಿಚಾದ ಬಿಲ್ಲೆ. ಅದು ಕಣ್ಣಿನ ನರದ ತಲೆ. ಅದರ ನಡುವಣ ಕುಳಿ ದೊಡ್ಡದಾಗುತ್ತ ಬಂದರೆ ಗ್ಲಾಕೋಮದ ಶಂಕೆ. ಅಲ್ಲಿಂದ ಕವಲೊಡೆದು ಹರಡುವ ರಕ್ತನಾಳಗಳು. ಮೈಯಲ್ಲಿ ಎಲ್ಲಿಯೂ ಚರ್ಮವನ್ನು ಕೊಯ್ಯದೆ ಇಷ್ಟು ಸ್ಪಷ್ಟವಾಗಿ ರಕ್ತನಾಳಗಳನ್ನು ನೋಡಲು ಬರುವುದಿಲ್ಲ. ಕಿವಿಯ ಕಡೆಗೆ ಸ್ವಲ್ಪ ದೂರದಲ್ಲಿ ನಾಳಗಳಿಲ್ಲದ, ತುಸು ಕಪ್ಪಾದ ತಾಣ, ಅದು ಮ್ಯಾಕ್ಯುಲ. ಅಕ್ಷರ ಓದುವುದು, ಎಳೆ ಪೋಣಿಸುವುದು, ಮುಖ ಗುರುತಿಸುವುದು, ಎಲ್ಲವೂ ಆ ಚಿಕ್ಕ ತಾಣದ ಕೆಲಸ. ಕೈಯಲ್ಲಿ ಹಿಡಿಯುವ ನೇರ ನೇತ್ರದರ್ಶಕ ಇವನ್ನು ಸುಮಾರು ೧೫ ಮಡಿ ದೊಡ್ಡದು ಮಾಡಿ ತೋರಿಸುತ್ತದೆ. ಆದರೆ ಒಮ್ಮೆಗೆ ಕಾಣುವುದು ಸ್ವಲ್ಪ ಭಾಗ. ತಲೆಗೆ ಕಟ್ಟಿಕೊಂಡು ಕೈಯಲ್ಲೊಂದು ಮಸೂರ ಹಿಡಿದು ನೋಡುವ ಇನ್ನೊಂದು ಯಂತ್ರದಲ್ಲಿ ಬಿಂಬ ತಲೆಕೆಳಗಾಗಿ, ಸುಮಾರು ೩ ಮಡಿ ಮಾತ್ರ ದೊಡ್ಡದಾಗಿ ಕಾಣುವುದು; ಆದರೆ ಅಕ್ಷಿಪಟಲದ ಅಂಚಿನವರೆಗೂ ದೃಷ್ಟಿ ಹಾಯುತ್ತದೆ.

ಈಗ ಆ ನ್ಯಾಯವಾದ ಪ್ರಶ್ನೆಗೆ ಬರೋಣ. ಕಣ್ಣು ಕಾಣುತ್ತಿರುವಾಗ ಇದೆಲ್ಲ ಏತಕ್ಕೆ? ಸಕ್ಕರೆ ಕಾಯಿಲೆಯನ್ನೇ ತೆಗೆದುಕೊಳ್ಳೋಣ. ರಕ್ತದಲ್ಲಿ ಸಕ್ಕರೆ ಬಹುಕಾಲ ಹೆಚ್ಚಾಗಿದ್ದರೆ ಅಕ್ಷಿಪಟಲದ ಕೂದಲಿನಂಥ ನಾಳಗಳ ಗೋಡೆ ಬಲಗುಂದುತ್ತದೆ. ಮೊದಲು ಅಲ್ಲಲ್ಲಿ ಸೂಜಿಮೊನೆಯಷ್ಟು ಉಬ್ಬುಗಳು; ಆಮೇಲೆ ರಕ್ತದ ಚುಕ್ಕೆಗಳು; ನಾಳದಿಂದ ಸೋರಿದ ಕೊಬ್ಬಿನ ಹಳದಿ ಕಣಗಳು. ಇವೆಲ್ಲ ಮ್ಯಾಕ್ಯುಲದಿಂದ ದೂರವಿರುವವರೆಗೆ ರೋಗಿಯ ದೃಷ್ಟಿ ೬/೬ ಆಗಿಯೇ ಇರಬಹುದು. ರೋಗ ಮುಂದುವರಿದು ಪಟಲಕ್ಕೆ ರಕ್ತ ಸಾಲದಾದಾಗ ಹೊಸ ನಾಳಗಳು ಹುಟ್ಟುತ್ತವೆ. ಇವು ಬಲವಿಲ್ಲದ ನಾಳಗಳು. ಒಂದು ದಿನ ಒಡೆದು ಕಣ್ಣಿನೊಳಗೆ ರಕ್ತ ತುಂಬಿ, ನಿನ್ನೆಯವರೆಗೆ ಓದುತ್ತಿದ್ದವನಿಗೆ ಇಂದು ಕೈ ಆಡಿಸಿದರೂ ಕಾಣದಂತಾಗಬಹುದು. ಅಕ್ಷರಪಟ ಈ ದೀರ್ಘವಾದ ಕಥೆಯಲ್ಲಿ ಕೊನೆಯ ಅಧ್ಯಾಯವನ್ನು ಮಾತ್ರ ಹೇಳಬಲ್ಲದು.

ಮೊದಲ ಅಧ್ಯಾಯಗಳಲ್ಲಿಯೇ ಕಂಡುಹಿಡಿದರೆ ಮಾಡಲು ಬಹಳವಿದೆ. ಮುಂದುವರಿದ ರೋಗದಲ್ಲಿ ಲೇಸರ್ ಬೆಳಕಿನಿಂದ ಚಿಕಿತ್ಸೆ ಮಾಡಿದರೆ ತೀವ್ರವಾದ ದೃಷ್ಟಿನಾಶ ಅರ್ಧಕ್ಕೂ ಕೆಳಗಿಳಿಯುವುದೆಂದು ಅಮೆರಿಕದಲ್ಲಿ ೧೯೭೦ರ ದಶಕದಲ್ಲಿ ನಡೆದ ದೊಡ್ಡ ಪ್ರಯೋಗ ತೋರಿಸಿತು. ೧೯೯೩ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಇನ್ಸುಲಿನ್ನನ್ನೇ ಅವಲಂಬಿಸಿದ, ಕಣ್ಣು ಇನ್ನೂ ಕೆಡದಿದ್ದ ರೋಗಿಗಳು ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟುಕೊಂಡಾಗ ಅಕ್ಷಿಪಟಲದ ರೋಗ ಹುಟ್ಟುವ ಸಂಭವ ನೂರಕ್ಕೆ ೭೬ರಷ್ಟು ಕಡಮೆಯಾಯಿತು. ಮ್ಯಾಕ್ಯುಲದ ಊತಕ್ಕೆ ಈಗ ಕಣ್ಣಿನೊಳಗೇ ಕೊಡುವ ಚುಚ್ಚುಮದ್ದುಗಳಿವೆ. ಇವುಗಳಲ್ಲಿ ಹೆಚ್ಚಿನವು ಇದ್ದ ದೃಷ್ಟಿಯನ್ನು ಉಳಿಸುವ ಉಪಾಯಗಳು; ಪೂರ್ತಿಯಾಗಿ ಹೋದುದನ್ನು ಮರಳಿ ತರುವುದು ಬಹುಮಟ್ಟಿಗೆ ಆಗದ ಮಾತು. ಆದಕಾರಣ ಸಾಮಾನ್ಯವಾದ ಸಕ್ಕರೆ ಕಾಯಿಲೆ ಗೊತ್ತಾದ ದಿನದಿಂದಲೇ, ಕಣ್ಣು ಎಷ್ಟೇ ಚೆನ್ನಾಗಿ ಕಾಣಲಿ, ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ಪರೀಕ್ಷೆ ಮಾಡಿಸಬೇಕೆಂದು ವೈದ್ಯಶಾಸ್ತ್ರ ಹೇಳುತ್ತದೆ. ವರ್ಷದಲ್ಲಿ ಅರ್ಧ ದಿವಸದ ಕೂಲಿ ಒಂದು ಕಡೆ. ಮಗ್ಗವನ್ನೇ ಬಿಡಬೇಕಾಗಿ ಬಂದರೆ ಉಳಿದ ಆಯುಷ್ಯದ ಕೂಲಿ ಇನ್ನೊಂದು ಕಡೆ. ಲೆಕ್ಕವನ್ನು ನೇಕಾರರೇ ಮಾಡಿಕೊಳ್ಳಲಿ.

ಸಕ್ಕರೆ ಕಾಯಿಲೆಯೊಂದೇ ಅಲ್ಲ. ಹೆಚ್ಚು ಮೈನಸ್ ಕನ್ನಡಕವುಳ್ಳವರ ಅಕ್ಷಿಪಟಲ ಅಂಚಿನಲ್ಲಿ ತೆಳುವಾಗಿ ಹರಿಯಬಹುದು. ಕಣ್ಣಮುಂದೆ ಇದ್ದಕ್ಕಿದ್ದಂತೆ ಮಿಂಚು ಹೊಳೆದಂತಾಗುವುದು, ಕಪ್ಪು ಚುಕ್ಕೆಗಳ ಮಳೆ ಸುರಿದಂತಾಗುವುದು, ಒಂದು ಕಡೆಯಿಂದ ತೆರೆ ಬಿದ್ದಂತೆ ಕಾಣುವುದು, ಇವು ಅದರ ಲಕ್ಷಣಗಳು. ಹರಿದ ಕಡೆ ಬೇಗನೆ ಬೆಸುಗೆ ಹಾಕಿದರೆ ಪಟಲ ಕಳಚದಂತೆ ಉಳಿಸಬಹುದು. ಹಿಗ್ಗದ ಪಾಪೆಯಲ್ಲಿ ಆ ಅಂಚು ಕಾಣುವುದೇ ಇಲ್ಲ.

ತಿಂಗಳು ತುಂಬದೆ ಹುಟ್ಟಿದ ಕೂಸುಗಳ ವಿಷಯ ಇನ್ನೂ ಅವಸರದ್ದು. ಅವುಗಳ ಅಕ್ಷಿಪಟಲದ ನಾಳಗಳು ಪೂರ್ತಿಯಾಗಿ ಬೆಳೆದಿರುವುದಿಲ್ಲ. ಹುಟ್ಟಿದ ಮೇಲೆ ದಾರಿತಪ್ಪಿ ಬೆಳೆದರೆ ಕೆಲವೇ ವಾರಗಳಲ್ಲಿ ಕುರುಡು ಬರಬಹುದು. ನಮ್ಮ ದೇಶದಲ್ಲಿ ೩೪ ವಾರಗಳಿಗಿಂತ ಮುಂಚೆ ಹುಟ್ಟಿದ, ಅಥವಾ ೨ ಕಿಲೋಗ್ರಾಮಿಗಿಂತ ಕಡಮೆ ತೂಗುವ ಕೂಸಿನ ಕಣ್ಣನ್ನು ೩೦ ದಿನ ತುಂಬುವುದರೊಳಗೆ, ಬಹಳ ಎಳೆಯದಾದರೆ ಅದಕ್ಕೂ ಮೊದಲೇ, ನೋಡಿಸಬೇಕೆಂಬುದು ನಿಯಮ. ಆದರೆ ಇದನ್ನು ನೋಡಬಲ್ಲ ತಜ್ಞರು ಊರೂರಿನಲ್ಲಿಲ್ಲ. ಈ ಕೊರತೆಯನ್ನು ನೀಗಲು ಬೆಂಗಳೂರಿನ ನಾರಾಯಣ ನೇತ್ರಾಲಯದವರು ೨೦೦೮ರಲ್ಲಿ ‘ಕಿಡ್‌ರಾಪ್’ ಎಂಬ ಕಾರ್ಯವನ್ನು ಆರಂಭಿಸಿದರು. ತರಬೇತಾದ ಸಹಾಯಕರು ಯಂತ್ರವನ್ನು ಹೊತ್ತು ಜಿಲ್ಲೆಯ ಆಸ್ಪತ್ರೆಗಳಿಗೆ ಹೋಗಿ, ಕೂಸಿನ ಪಾಪೆಯನ್ನು ತೆಳುಮಾಡಿದ ಹನಿಯಿಂದ ಹಿಗ್ಗಿಸಿ, ಅಕ್ಷಿಪಟಲದ ಚಿತ್ರ ತೆಗೆದು, ಅಂತರ್ಜಾಲದ ಮೂಲಕ ತಜ್ಞರಿಗೆ ಕಳುಹಿಸುವರು. ಕೂಸನ್ನು ಹೊತ್ತುಕೊಂಡು ತಾಯಿ ಅಲೆಯುವ ಬದಲು ಚಿತ್ರವೇ ಊರು ಬಿಟ್ಟು ಹೋಗುವ ಈ ಏರ್ಪಾಡು ಹೊರದೇಶಗಳ ಗಮನವನ್ನೂ ಸೆಳೆದಿದೆ.

ಇಂಥ ಕೆಲಸಕ್ಕೆ ನಮ್ಮ ನಾಡಿನಲ್ಲಿ ಹಿಂದಿನ ಅಡಿಪಾಯವುಂಟು. ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆ ೧೮೯೬ರಲ್ಲಿ ಸಣ್ಣ ಔಷಧಾಲಯವಾಗಿ ಹುಟ್ಟಿ, ೧೯೧೩ರಲ್ಲಿ ಚಾಮರಾಜಪೇಟೆಯ ಬಳಿಯ ಕಟ್ಟಡಕ್ಕೆ ಬಂದಿತು. ಬೀಳಗಿಯಲ್ಲಿ ೧೯೧೬ರಲ್ಲಿ ಹುಟ್ಟಿದ ಡಾಕ್ಟರ್ ಎಂ. ಸಿ. ಮೋದಿಯವರು ಊರೂರಿಗೆ ಶಿಬಿರಗಳನ್ನು ಕೊಂಡೊಯ್ದು ಪೊರೆಯಿಂದ ಕುರುಡಾದ ಅಸಂಖ್ಯಾತ ಬಡವರಿಗೆ ಬೆಳಕು ಕೊಟ್ಟರು. ೧೯೭೬ರಲ್ಲಿ ಭಾರತ ಸರ್ಕಾರ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಇವೆಲ್ಲದರ ಪುಣ್ಯದಿಂದ ಪೊರೆಯೆಂದರೇನೆಂಬುದು ಹಳ್ಳಿಯ ಅಜ್ಜಿಗೂ ಗೊತ್ತಾಗಿದೆ. ಅಕ್ಷಿಪಟಲದ ಮಾತು ಮಾತ್ರ ಇನ್ನೂ ಆಕೆಯ ಕಿವಿಗೆ ಬಿದ್ದಿಲ್ಲ.

‘ಹನಿಯಿಲ್ಲದೆ ಚಿತ್ರ ತೆಗೆಯುವ ಯಂತ್ರ ಬಂದಿದೆಯಂತೆ, ಇನ್ನು ಹನಿಯೇತಕ್ಕೆ?’ ಎಂದು ಬಲ್ಲವರು ಕೇಳಬಹುದು. ಬಂದಿರುವುದು ನಿಜ, ಬೆಂಗಳೂರಿನಲ್ಲಿಯೇ ೨೦೧೦ರಲ್ಲಿ ಆರಂಭವಾದ ಫೋರಸ್ ಹೆಲ್ತ್ ಎಂಬ ಸಂಸ್ಥೆ ‘ತ್ರಿನೇತ್ರ’ವೆಂಬ ಅಂಥ ಯಂತ್ರವನ್ನು ತಯಾರಿಸಿತು. ಕಣ್ಣಿಗೆ ಕಾಣದ ಕೆಂಪಾಚೆಯ ಬೆಳಕಿನಲ್ಲಿ ಗುರಿ ಹಿಡಿದು, ಪಾಪೆ ಕುಗ್ಗುವ ಮೊದಲೇ ಮಿಂಚಿನ ಬೆಳಕಿನಲ್ಲಿ ಚಿತ್ರ ಹಿಡಿಯುವುದು ಈ ಬಗೆಯ ಯಂತ್ರಗಳ ಕ್ರಮ. ಸಾವಿರಾರು ಮಂದಿಯಲ್ಲಿ ರೋಗದ ಶಂಕೆಯುಳ್ಳವರನ್ನು ಬೇರ್ಪಡಿಸಲು ಇವು ಬಹಳ ಉಪಯುಕ್ತ. ಆದರೆ ಮುದುಕರ ಚಿಕ್ಕ ಪಾಪೆಯಲ್ಲಿಯೂ ಪೊರೆ ಬಂದ ಕಣ್ಣಿನಲ್ಲಿಯೂ ಚಿತ್ರ ಮಬ್ಬಾಗುತ್ತದೆ. ಸಾಮಾನ್ಯವಾಗಿ ನಡುಭಾಗ ಸಿಕ್ಕುವುದೇ ಹೊರತು ಅಂಚು ಸಿಕ್ಕುವುದಿಲ್ಲ. ಯಂತ್ರ ಶಂಕೆಯನ್ನು ತಿಳಿಸಿದ ಮೇಲೆ, ಅಥವಾ ಚಿತ್ರ ಸರಿಬಾರದಿದ್ದಾಗ, ಹನಿ ಹಾಕಿ ನೋಡುವುದು ತಪ್ಪದು.

ಇದರಲ್ಲಿ ಯಾರ ಕೆಲಸ ಯಾವುದು ಎಂಬುದನ್ನೂ ಹೇಳಿಬಿಡಬೇಕು. ಆಪ್ಟೋಮೆಟ್ರಿಸ್ಟ್ ಎಂದು ಹೆಸರಾದ ದೃಷ್ಟಿಪರೀಕ್ಷಕರು ಕನ್ನಡಕದ ಅಳತೆಯನ್ನು ಮಾತ್ರ ಕಲಿತವರಲ್ಲ. ಕಣ್ಣಿನ ಒಳಗನ್ನು ನೋಡಿ ಸಹಜವಾವುದು, ವಿಕಾರವಾವುದು ಎಂದು ಗುರುತಿಸುವುದೂ ಅವರ ಶಿಕ್ಷಣದ ಭಾಗ. ೨೦೨೧ರಲ್ಲಿ ಭಾರತದ ಸಂಸತ್ತು ಮಾಡಿದ ಸಹಾಯಕ ಆರೋಗ್ಯ ವೃತ್ತಿಗಳ ಕಾನೂನು ಇವರ ವೃತ್ತಿಯನ್ನೂ ಒಳಗೊಂಡಿದೆ. ರೋಗವನ್ನು ಶಂಕಿಸಿ ತಜ್ಞರ ಬಳಿಗೆ ಕಳುಹಿಸುವುದು ಇವರ ಕೆಲಸ. ಲೇಸರು, ಚುಚ್ಚುಮದ್ದು, ಶಸ್ತ್ರಚಿಕಿತ್ಸೆಗಳು ನೇತ್ರವೈದ್ಯರ ಕೆಲಸ. ಈ ಇಬ್ಬರ ನಡುವೆ ನಡೆಯಬೇಕಾದವನು ರೋಗಿ. ನಮ್ಮ ಅನುಭವದಲ್ಲಿ ಸರಪಳಿ ಕಡಿಯುವುದು ಹೆಚ್ಚಾಗಿ ಇಲ್ಲಿಯೇ. ‘ಬೆಂಗಳೂರಿಗೆ ಹೋಗಿ ತೋರಿಸಿ’ ಎಂದು ಬರೆದುಕೊಟ್ಟ ಚೀಟಿ, ಸುಗ್ಗಿ ಮುಗಿಯಲಿ, ಮದುವೆ ಕಳೆಯಲಿ ಎಂದು ಗೂಡಿನಲ್ಲಿಯೇ ಉಳಿದುಬಿಡುತ್ತದೆ. ಚೀಟಿ ಬರೆದವರು ಅದರ ಅವಸರವನ್ನು ತಿಳಿಯಾದ ಮಾತಿನಲ್ಲಿ ಹೇಳಬೇಕು. ಮನೆಯವರು ಅದನ್ನು ದಿನ ಗೊತ್ತುಮಾಡಿ ನೆರವೇರಿಸಬೇಕು.

ಪರೀಕ್ಷೆಗೆ ಹೊರಡುವವರಿಗೆ ಕೆಲವು ಸೂಚನೆಗಳನ್ನು ಹೇಳಿ ಮುಗಿಸುತ್ತೇವೆ. ಜೊತೆಗೆ ಒಬ್ಬರನ್ನು ಕರೆದುಕೊಂಡು ಬನ್ನಿ. ನೀವೇ ವಾಹನ ಓಡಿಸಿಕೊಂಡು ಬರಬೇಡಿ; ಹನಿ ಹಾಕಿದ ಮೇಲೆ ಬಿಸಿಲು ಕಣ್ಣನ್ನು ಕುಕ್ಕುವುದು, ಎದುರು ದೀಪ ಕಂಗೆಡಿಸುವುದು. ಲಾರಿ ಓಡಿಸುವವರು ರಾತ್ರಿಯ ಪ್ರಯಾಣವಿಲ್ಲದ ದಿನವನ್ನು ಆರಿಸಿಕೊಳ್ಳಿ. ಮಗ್ಗದವರೂ ಕಾರ್ಖಾನೆಯವರೂ ವಾರದ ರಜೆಯ ದಿನವನ್ನೋ ವಿದ್ಯುತ್ತಿಲ್ಲದ ದಿನವನ್ನೋ ಇದಕ್ಕೆ ಮೀಸಲಿಟ್ಟರೆ ಕೂಲಿಯ ನಷ್ಟವೂ ತಪ್ಪುತ್ತದೆ. ಕಪ್ಪು ಕನ್ನಡಕವಾಗಲಿ ಛತ್ರಿಯಾಗಲಿ ಜೊತೆಯಲ್ಲಿರಲಿ. ಹಳೆಯ ಚೀಟಿಗಳನ್ನೂ ನಿತ್ಯ ತೆಗೆದುಕೊಳ್ಳುವ ಮಾತ್ರೆಗಳನ್ನೂ ತನ್ನಿ. ಹನಿ ಬಿದ್ದಾಗ ಕ್ಷಣಕಾಲ ಉರಿಯುವುದು. ಕಣ್ಣು ಮುಚ್ಚಿಕೊಂಡು ಮೂಗಿನ ಕಡೆಯ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಮೆಲ್ಲನೆ ಒತ್ತಿಹಿಡಿದರೆ ಔಷಧ ಗಂಟಲಿಗೂ ಮೈಗೂ ಇಳಿಯುವುದು ಕಡಮೆಯಾಗುತ್ತದೆ. ಪರೀಕ್ಷೆ ಮುಗಿದ ಮೇಲೆ ‘ಒಳಗೆ ಏನು ಕಂಡಿತು? ಮುಂದೆ ಯಾವಾಗ ಬರಬೇಕು?’ ಎಂಬ ಎರಡು ಪ್ರಶ್ನೆಗಳನ್ನು ಕೇಳದೆ ಏಳಬೇಡಿ, ಉತ್ತರವನ್ನು ಬರೆಯಿಸಿಕೊಳ್ಳಿ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ, ಕಳೆದ ವರ್ಷ ಅವರ ಕಣ್ಣಿಗೆ ಹನಿ ಹಾಕಿ ನೋಡಿದ್ದಾರೆಯೇ ಎಂದು ಈ ದಿನವೇ ವಿಚಾರಿಸಿರಿ.